ಕ್ಲಸ್ಟರ್ ಸಮಾಲೋಚನಾ ಸಭೆ: ಕಲಿಕೆಯೋ, ಬರೀ ಸಹಿಯೋ?

ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಒಂದೆಡೆ ಕೂಡುವುದೇ ಕ್ಲಸ್ಟರ್ ಸಮಾಲೋಚನಾ ಸಭೆ. ವಿಜಯಪುರ ಜಿಲ್ಲೆಯ ಹಳ್ಳಿ ಶಾಲೆ ಶಿಕ್ಷಕರಿಗೆ ಇಷ್ಟು ಹತ್ತಿರದ ತರಬೇತಿ ಬೇರೆ ಸಿಗುವುದು ಕಷ್ಟ. ಇದರ ಬೆಲೆ ಗೊತ್ತಾಗುವುದು ಯಾರಾದರೂ ಮಕ್ಕಳ ನೋಟ್‌ಬುಕ್ಕನ್ನೇ ತಂದು ಮೇಜಿನ ಮೇಲೆ ಬಿಚ್ಚಿಟ್ಟಾಗ. 42ರಲ್ಲಿ 17 ಕಳೆದು 35 ಬರೆದ ಮಗು ಕಳೆಯುವುದನ್ನು ಮರೆತಿಲ್ಲ. ಬಿಡಿ ಸ್ಥಾನದಲ್ಲಿ 7ರಿಂದ 2 ಕಳೆದಿದೆ, ಅಷ್ಟೇ. ಇದಕ್ಕೆ ಮದ್ದು ಜೋಳದ ದಂಟಿನ ಕಡ್ಡಿ: ಹತ್ತರ 4 ಕಟ್ಟು, ಬಿಡಿ 2. ಒಂದು ಕಟ್ಟು ಬಿಚ್ಚಿದರೆ ಬಿಡಿ 12. 7 ತೆಗೆದರೆ 5. ಉಳಿದ 3 ಕಟ್ಟಿನಲ್ಲಿ ಒಂದು ತೆಗೆದರೆ 25. ಕಟ್ಟನ್ನು ಮಗುವೇ ಬಿಚ್ಚಬೇಕು, ಇಲ್ಲದಿದ್ದರೆ ಮತ್ತೆ 35.

ಸಭೆ ಕೆಡುವುದು ನಮೂನೆಗಳಿಂದ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಮೊದಲು ಬಂದರೆ ಹೊತ್ತು ಅಲ್ಲಿಗೇ ಮುಗಿಯಿತು. ಅವನ್ನು ಕೊನೆಯ 20 ನಿಮಿಷಕ್ಕೆ ತಳ್ಳಿ. ಒಬ್ಬರಿಗೆ ಒಂದೇ ಸಮಸ್ಯೆ, 10 ನಿಮಿಷ. ಮೊದಲ ಸರದಿ ಏಕೋಪಾಧ್ಯಾಯ ಶಾಲೆಯವರದು, ಮಾತಾಡಲು ಜೊತೆಗಾರರೇ ಇಲ್ಲದವರು ಪಾಪ.

"ಒಬ್ಬನss ಐದು ಕ್ಲಾಸು, ಸಾಕಾಗೇತ್ರಿ" ಅಂತ ಅವರು ಅಂದದ್ದು ವರದಿಗೆ ಹೋಗಬಾರದು. ಹೋದರೆ ಮುಂದಿನ ತಿಂಗಳು ಯಾರೂ ಬಾಯಿ ಬಿಡುವುದಿಲ್ಲ. ಶಿಕ್ಷಕರು ಹೀಗೆ ಮನಸ್ಸು ಬಿಚ್ಚಿ ಮಾತಾಡುವ ಹೊತ್ತಿನಲ್ಲಿ ಮೇಲಧಿಕಾರಿಗಳು ಹೊರಗೆ ಚಹಾ ಕುಡಿದರೆ ಒಳ್ಳೆಯದು.