ಬಣ್ಣದ ವೇಷದ ಕೆಂಪು ಮತ್ತು ಎರಡು ಕಡತಗಳು: ಒಂದು ರಾತ್ರಿಯ ಹೋಲಿಕೆ

ಯಕ್ಷಗಾನದ ತೆಂಕುತಿಟ್ಟು ಶೈಲಿಯ ಬಣ್ಣದ ವೇಷವನ್ನು, ಅಂದರೆ ರಾಕ್ಷಸ ಪಾತ್ರದ ವೇಷವನ್ನು, ಎಲ್‌ಇಡಿ ದೀಪದ ಕೆಳಗೆ ಸೆರೆಹಿಡಿಯುವುದಕ್ಕಿಂತ ಕಷ್ಟದ ಕೆಲಸವನ್ನು ನನ್ನ ಕ್ಯಾಮೆರಾ ಕಂಡಿಲ್ಲ. ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಹನಿಹನಿಯಾಗಿ ಇಟ್ಟ ಬಿಳಿ ಚುಟ್ಟಿ. ಮೈಮೇಲೆ ಕಡುಕೆಂಪು ಬಟ್ಟೆ. ಹಿಂದೆ ಗಾಢ ಕತ್ತಲೆ. ಕೆಲವು ವರ್ಷಗಳ ಹಿಂದೆ ಜೆಪೆಗ್‌ನಲ್ಲಿ (ಕ್ಯಾಮೆರಾವೇ ತಿದ್ದಿ ಅದುಮಿ ಕೊಡುವ ಕಡತ) ಮಾತ್ರ ತೆಗೆದಿದ್ದ ಒಂದು ಚಿತ್ರವನ್ನು ಆ ಕಲಾವಿದರು ಮನೆಯ ಜಗಲಿಯಲ್ಲಿ ತೂಗುಹಾಕಲು ದೊಡ್ಡದಾಗಿ ಮುದ್ರಿಸಿಕೊಡಿ ಎಂದು ಕೇಳಿದರು. ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ನೋಡಿದೆ. ಬಟ್ಟೆಯ ನೆರಿಗೆಗಳೆಲ್ಲ ಕರಗಿ ಒಂದೇ ಕೆಂಪು ಮುದ್ದೆಯಾಗಿತ್ತು. ಚುಟ್ಟಿಯ ಹನಿಗಳು ಒಂದಕ್ಕೊಂದು ಅಂಟಿ ಬಿಳಿಯ ಪಟ್ಟಿಯಾಗಿದ್ದವು. ಗಂಟೆಗಟ್ಟಲೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಕುಳಿತು ಅವರು ಬರೆದುಕೊಂಡ ಮುಖವನ್ನು ನಾನು ಅಳಿಸಿಬಿಟ್ಟೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಹಾಗಾಗಿ ಮೇಳದ ಕಳೆದ ತಿರುಗಾಟದಲ್ಲಿ, ಅದು ಮುಗಿಯುವ ಪತ್ತನಾಜೆಗೆ ಕೆಲವೇ ದಿನ ಉಳಿದಿದ್ದಾಗ, ಒಂದು ಇಡೀ ರಾತ್ರಿ ಹೆಚ್ಚುಕಡಿಮೆ ಪ್ರತಿ ಚಿತ್ರವನ್ನೂ ರಾ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಕಚ್ಚಾ ಕಡತ) ಮತ್ತು ಜೆಪೆಗ್ ಎರಡರಲ್ಲೂ ಉಳಿಸಿದೆ. ಸುಮಾರು 900 ಚಿತ್ರಗಳು. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು. ರಾ ಕಡತ ಒಂದಕ್ಕೆ 27 ಎಂಬಿ ಆಸುಪಾಸು, ಜೆಪೆಗ್ 10 ಎಂಬಿ.

ಮೊದಲು ಕೆಂಪು ಬಣ್ಣದ ವಿಷಯ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳು ಮಾತ್ರ. 14 ಬಿಟ್ ರಾ ಕಡತದಲ್ಲಿ 16,384. ಕೆಂಪು ದೀಪ ಕೆಂಪು ಬಟ್ಟೆಯ ಮೇಲೆ ಬಿದ್ದಾಗ ಹಸಿರು, ನೀಲಿ ಇನ್ನೂ ಅರ್ಧಕ್ಕೂ ಬಂದಿರುವುದಿಲ್ಲ, ಕೆಂಪು ಆಗಲೇ ತುಂಬಿ ತುಳುಕಿರುತ್ತದೆ. ಅದೇ ಕ್ಷಣದ ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿದೆ. ಜೆಪೆಗ್‌ನ ಕೆಂಪು ಮಂಕಾಯಿತೇ ಹೊರತು ನೆರಿಗೆ ಕಾಣಿಸಲಿಲ್ಲ, ಚುಟ್ಟಿ ಬೂದು ಬಣ್ಣಕ್ಕೆ ತಿರುಗಿತು. ರಾ ಕಡತದಲ್ಲಿ ಬಟ್ಟೆಯ ಮಡಿಕೆಗಳು ಒಂದೊಂದಾಗಿ ಎದ್ದುಬಂದವು. ಚುಟ್ಟಿಯ ಪ್ರತಿ ಹನಿಯ ಬುಡದಲ್ಲಿ ಸಾಸಿವೆಯಷ್ಟು ನೆರಳು ಕೂಡ ಇತ್ತು! ಕತ್ತಲೆಯ ಭಾಗವನ್ನು ಎತ್ತಿದಾಗ ಜೆಪೆಗ್‌ನಲ್ಲಿ ಚೌಕುಳಿ ಚೌಕುಳಿಯಾಗಿ ಕಲೆಗಳು ಕಂಡವು. ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ಕತ್ತರಿಸಿ ಅದುಮುವುದರಿಂದ ಉಳಿಯುವ ಗುರುತು ಅದು. ರಾ ಕಡತದಲ್ಲಿ ಅಲ್ಲಿ ಬರೀ ತರಿತರಿ ಕಂಡಿತು, ಅದನ್ನು ನಯಗೊಳಿಸಬಹುದು.

ಒಂದು ಎಚ್ಚರಿಕೆ. ಕ್ಯಾಮೆರಾದ ಹಿಂಬದಿಯಲ್ಲಿ ಕಾಣುವ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಸಾಮಾನ್ಯವಾಗಿ ಜೆಪೆಗ್ ಮುನ್ನೋಟದಿಂದ ಬಂದದ್ದು, ನೀವು ರಾ ಮಾತ್ರ ತೆಗೆಯುತ್ತಿದ್ದರೂ ಅಷ್ಟೆ. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ನಕ್ಷೆಯನ್ನೇ ನೋಡಿ, ಕೆಂಪು ಬಲ ಅಂಚಿಗೆ ತಾಗುವ ಮೊದಲು ಬೆಳಕು ಕಡಿಮೆ ಮಾಡಿ. ಸೆನ್ಸರ್‌ನಲ್ಲೇ ತುಂಬಿ ಹೋದ ಬೆಳಕನ್ನು ರಾ ಕೂಡ ಮರಳಿ ಕೊಡುವುದಿಲ್ಲ. ಎಲ್‌ಇಡಿ ಮಿಣುಕಿನಿಂದ ಚಿತ್ರದ ಅಡ್ಡಕ್ಕೆ ಬೀಳುವ ಪಟ್ಟೆಗಳಿಗೂ ಅದರಲ್ಲಿ ಮದ್ದಿಲ್ಲ. ಶಟರ್ ವೇಗ ಇಳಿಸಿ ನೋಡಬೇಕು.

ವೈಟ್ ಬ್ಯಾಲೆನ್ಸ್‌ನಲ್ಲೂ, ಅಂದರೆ ದೀಪದ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿಹೊಂದಿಸುವುದರಲ್ಲೂ, ರಾ ಬಹಳ ಮುಂದಿದೆ. ಅಂದು ಒಂದು ಬದಿಯಲ್ಲಿ ಹಳದಿ ಹ್ಯಾಲೋಜನ್, ಮೇಲಿನಿಂದ ನೀಲಿ ಛಾಯೆಯ ಎಲ್‌ಇಡಿ. ಜೆಪೆಗ್ ಎಂದರೆ ವೇಷ ಕಟ್ಟಿ ರಂಗಸ್ಥಳಕ್ಕೆ ಬಂದಾಯಿತು ಎಂದಂತೆ. ರಾ ಇನ್ನೂ ಚೌಕಿಯಲ್ಲಿ ಕುಳಿತಿದೆ, ಬಣ್ಣ ತಿದ್ದಲು ಅವಕಾಶವಿದೆ.

ಆದರೆ ಪುಂಡುವೇಷಧಾರಿ (ಯುವ ವೀರನ ಪಾತ್ರಧಾರಿ) ಗಿರಗಿರನೆ ಸುತ್ತು ಹಾರುವ ಧೀಂಗಿಣ ಶುರು ಮಾಡಿದಾಗ ಜೆಪೆಗ್ ಗೆದ್ದಿತು. ಚಂಡೆಯ ಪೆಟ್ಟು ಏರುತ್ತಿದ್ದಂತೆ ನಾನು ಗುಂಡಿ ಒತ್ತಿ ಹಿಡಿದೆ. ರಾ ಜೊತೆಗಿದ್ದಾಗ ಕೆಲವೇ ಸೆಕೆಂಡಿನಲ್ಲಿ ಚಿತ್ರಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಬಫರ್ ತುಂಬಿ ಕ್ಯಾಮೆರಾ ತಡವರಿಸಿತು. ಕೊನೆಯ ಮೂರು ಸುತ್ತುಗಳು ಸಿಗಲೇ ಇಲ್ಲ. ಜೆಪೆಗ್‌ಗೆ ಬದಲಿಸಿದ ಮೇಲೆ ಎಲ್ಲೂ ನಿಲ್ಲಲಿಲ್ಲ. ಹಗಲಿನ ಬೆಳಕಿನಲ್ಲಿ, ತಿದ್ದುವ ಅಗತ್ಯವೇ ಇಲ್ಲದ ಕಡೆ, ಕ್ಯಾಮೆರಾ ಕೊಡುವ ಜೆಪೆಗ್ ಎಷ್ಟೋ ಸಲ ನಾನು ತಿದ್ದಿದ್ದಕ್ಕಿಂತ ಚೆನ್ನಾಗಿರುತ್ತದೆ. ಸಮಯದ ಲೆಕ್ಕವೂ ಸಣ್ಣದಲ್ಲ: ಆ ರಾತ್ರಿಯ ರಾ ಕಡತಗಳಿಗೆ ನನ್ನ ಮೂರು ಸಂಜೆಗಳು ಹೋದವು. ಜೆಪೆಗ್ ಅನ್ನು ತಿದ್ದುವುದೇ ಆದರೆ ಮೂಲವನ್ನು ಹಾಗೇ ಇಟ್ಟು ಪ್ರತಿಯ ಮೇಲೆ ಕೆಲಸ ಮಾಡಿ; ತಿದ್ದಿ ಉಳಿಸಿದಷ್ಟು ಸಲವೂ ಸ್ವಲ್ಪ ಸವೆಯುತ್ತದೆ.

ಫೋನಿನ ಎಚ್‌ಇಐಎಫ್ ಕಡತಗಳನ್ನೂ ಪರೀಕ್ಷಿಸಿದೆ. ಜೆಪೆಗ್‌ನ ಅರ್ಧದಷ್ಟು ಜಾಗದಲ್ಲಿ ಅಷ್ಟೇ ಚೆನ್ನಾದ ಚಿತ್ರ ಸಿಗುತ್ತದೆ. ಆದರೆ ನಾನು ಹೋಗುವ ಮುದ್ರಣಾಲಯದ ಕಂಪ್ಯೂಟರ್‌ನಲ್ಲಿ ಅದು ತೆರೆಯಲೇ ಇಲ್ಲ. ಟಿಫ್ ಎಂಬ ಇನ್ನೊಂದು ಕಡತ ರೂಪ ಮುದ್ರಣಕ್ಕೆ ಸರಿ, ಕೂಡಿಡುವುದಕ್ಕೆ ಭಾರ: 16 ಬಿಟ್‌ನಲ್ಲಿ ಅದುಮದೆ ಉಳಿಸಿದರೆ ಇದೇ ಚಿತ್ರ 144 ಎಂಬಿ. 2004ರಲ್ಲಿ ಅಡೋಬಿ ತಂದ ಡಿಎನ್‌ಜಿ ಎಂಬ ರಾ ಕಡತ ರೂಪಕ್ಕೆ ಎಲ್ಲವನ್ನೂ ಪರಿವರ್ತಿಸುವ ಆಸೆಯಿತ್ತು. ಕ್ಯಾಮೆರಾ ಕಂಪನಿಯ ಸ್ವಂತ ತಂತ್ರಾಂಶ ಅದನ್ನು ಓದದ ಕಾರಣ ಬಿಟ್ಟೆ.

ಈಗ ಒಂದು ಕಾರ್ಡ್‌ಗೆ ರಾ, ಇನ್ನೊಂದಕ್ಕೆ ಚಿಕ್ಕ ಜೆಪೆಗ್ ಹೋಗುತ್ತದೆ. ಮಂಗಳ ಹಾಡಿ ಮುಗಿಯುತ್ತಿದ್ದಂತೆ ಚೌಕಿಯಲ್ಲೇ ಜೆಪೆಗ್‌ಗಳನ್ನು ಕಲಾವಿದರ ಫೋನುಗಳಿಗೆ ಕಳುಹಿಸುತ್ತೇನೆ. ಧೀಂಗಿಣಕ್ಕೆ ಮಾತ್ರ ರಾ ಬಂದ್.

ಜಗಲಿಗೆ ಚಿತ್ರ ಕೇಳಿದ್ದವರಿಗೆ ಈ ಸಲದ ರಾ ಕಡತದಿಂದ 20×30 ಇಂಚಿನ ಪ್ರತಿ ಮಾಡಿಸಿಕೊಟ್ಟೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಕೆನ್ನೆಯ ಚುಟ್ಟಿಯ ಸಾಲಿನ ಮೇಲೆ ಬೆರಳು ಸರಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು. “ಇಲ್ಲೊಂದು ಹನಿ ಉದುರಿದೆ ನೋಡಿ, ಆ ದಿನ ನನಗೆ ಗೊತ್ತೇ ಆಗಲಿಲ್ಲ” ಎಂದರು.