240ಝಡ್‌ಗೆ ಎಲ್28 ಎಂಜಿನ್ ಕೂರಿಸಿ ಆರು ವರ್ಷ, 31 ಸಾವಿರ ಮೈಲಿ ಆಯ್ತು

ಆರು ವರ್ಷದ ಹಿಂದೆ ನನ್ನ ಡ್ಯಾಟ್ಸನ್ 240ಝಡ್‌ಗೆ (ನಿಸಾನ್ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು) ಅದೇ ಕಂಪನಿಯ ದೊಡ್ಡ ಎಲ್28 ಎಂಜಿನ್ ಹಾಕ್ದಾಗ ಸುಮಾರು ಜನ ಕೇಳಿದ್ರು, ಹೆಂಗಿದೆ, ದುಡ್ಡು ಹಾಕಿದ್ದಕ್ಕೆ ಸರಿಹೋಯ್ತಾ ಅಂತ. ಆಗ ಹೇಳೋಕೆ ಏನೂ ಇರ್ಲಿಲ್ಲ, ಹೊಸದಾಗಿ ಕಟ್ಟಿದ ಎಂಜಿನ್ ಮೊದಲ ಸಾವಿರ ಮೈಲಿ ಎಲ್ಲಾರಿಗೂ ಚೆನ್ನಾಗೇ ಓಡುತ್ತೆ. ಈಗ 31 ಸಾವಿರ ಮೈಲಿ ಆಗಿದೆ, ಅಂದ್ರೆ ಹತ್ತಿರತ್ತಿರ 50 ಸಾವಿರ ಕಿಲೋಮೀಟರ್. ಈಗ ಬರೀಬಹುದು.

ಗಾಡಿ 1972ರದ್ದು. ಜಪಾನಲ್ಲಿ 1969ರಲ್ಲಿ ಫೇರ್‌ಲೇಡಿ ಝಡ್ ಅಂತ ಬಂದು, ಅಮೆರಿಕದಲ್ಲಿ 240ಝಡ್ ಅಂತ ಮಾರಾಟ ಆಗಿದ್ದು. ನಮ್ಮಲ್ಲಿ ಈ ಗಾಡಿ ನೋಡಿರೋರು ಕಮ್ಮಿ, ಆದ್ರೆ 1973ರ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿನ ಭಾರತ ಮೂಲದ ಶೇಖರ್ ಮೆಹ್ತಾ ಗೆದ್ದಿದ್ದು 240ಝಡ್‌ನಲ್ಲೇ, ಆ ಧೂಳು ಕೆಸರಲ್ಲಿ ಓಡಿ ಗೆದ್ದಿದ್ದು ಈ ಗಾಡಿಯ ಮೂಲ ಎಂಜಿನ್ ಎಲ್24. ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಎಷ್ಟೋ ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು. ತಗೊಂಡಾಗಲೇ ಎಂಜಿನ್ ಸುಸ್ತಾಗಿತ್ತು, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದ್ರೆ ಒಂದರಲ್ಲಿ 135 ಪಿಎಸ್‌ಐ, ಇನ್ನೊಂದರಲ್ಲಿ 110, ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ, ಆಯಿಲ್ ಅಂತೂ ಪೆಟ್ರೋಲ್ ಕುಡಿದಂಗೆ ಕುಡೀತಿತ್ತು.

ಎಲ್24 ಬಿಟ್ಟು ಎಲ್28 ಯಾಕೆ ಅಂದ್ರೆ ಇವೆಲ್ಲಾ ಒಂದೇ ಮನೆ ಮಕ್ಕಳು. 240ಝಡ್‌ನಲ್ಲಿ 2393 ಸಿಸಿ, ಆಮೇಲೆ 260ಝಡ್‌ಗೆ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) ಜಾಸ್ತಿ ಮಾಡಿದ್ರು, 1975ರ 280ಝಡ್‌ಗೆ ಬೋರ್ (ಸಿಲಿಂಡರ್ ಅಗಲ) ಕೂಡ 83ರಿಂದ 86 ಮಿಮೀ ಮಾಡಿ 2753 ಸಿಸಿ ಮಾಡಿದ್ರು. ಹೊರಗಡೆ ಅಳತೆ ಅದೇ, ಮೌಂಟ್ ಅದೇ, ಹಳೆ ಗೇರ್‌ಬಾಕ್ಸ್ ಅದೇ ಬೋಲ್ಟಲ್ಲಿ ಕೂರುತ್ತೆ, ವೆಲ್ಡಿಂಗ್ ಇಲ್ಲ, ಕತ್ತರಿಸೋದಿಲ್ಲ, ಬೇಡ ಅನ್ಸಿದ್ರೆ ವಾಪಸ್ ಹಳೇದನ್ನ ಹಾಕ್ಬಹುದು. ನನಗೆ ಈ ಕೊನೇ ಮಾತು ಬಹಳ ಮುಖ್ಯ ಆಗಿತ್ತು, ಯಾಕಂದ್ರೆ ನನ್ನ ಗಾಡಿಯ ಎಲ್24ರ ಎಂಜಿನ್ ನಂಬರ್ ಬಾಡಿ ಪ್ಲೇಟ್ ಜೊತೆ ಮ್ಯಾಚ್ ಆಗುತ್ತೆ, ಅದನ್ನ ಕೊರೆದು ಹಾಳು ಮಾಡೋ ಮನಸ್ಸಿರ್ಲಿಲ್ಲ. ಇನ್ನೊಂದು, ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆ ಗಾಡಿಗೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇಲ್ಲ. 1976ರಿಂದ ಆಚೆಯ 280ಝಡ್ ಇಟ್ಕೊಂಡಿರೋರು ಫ್ಯೂಯೆಲ್ ಇಂಜೆಕ್ಷನ್ ತೆಗೆದು ನನ್ನ ತರ ಕಾರ್ಬೊರೇಟರ್ ಹಾಕ್ತೀನಿ ಅಂದ್ರೆ ಆಗಲ್ಲ, ಅದನ್ನ ಮೊದಲೇ ಯೋಚ್ನೆ ಮಾಡ್ಕೊಳ್ಳಿ.

ಎಂಜಿನ್ ಸಿಕ್ಕಿದ್ದು ಒಂದು ತುಕ್ಕು ಹಿಡಿದ 1976ರ 280ಝಡ್‌ನಿಂದ, ಎನ್42 ಬ್ಲಾಕು, ಎನ್42 ಹೆಡ್ಡು (ಎನ್42 ಅನ್ನೋದು ಅಚ್ಚಿನ ನಂಬರು), 500 ಡಾಲರ್. ಇಲ್ಲಿಂದ ನನ್ನ ಕತೆಯ ಅಸಲಿ ವಿಷಯ ಶುರು. ಮೊದಲು ಹೋದ ಮೆಷಿನ್ ಶಾಪ್‌ನಲ್ಲಿ ಬ್ಲಾಕ್ ಅಳತೆ ಕೂಡ ಮಾಡದೆ 1 ಮಿಮೀ ಬೋರಿಂಗ್ (ಸಿಲಿಂಡರ್ ಕೊರೆದು ಅಗಲ ಮಾಡೋದು) ಮಾಡಣ, ಹೊಸ ಪಿಸ್ಟನ್ ಹಾಕಣ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಣ ಅಂದ್ರು. ಅವತ್ತು ರಾತ್ರಿ ದಾವಣಗೆರೆಗೆ ಚಿಕ್ಕಪ್ಪಂಗೆ ಫೋನ್ ಮಾಡ್ದೆ. ಚಿಕ್ಕಪ್ಪ ಮೂವತ್ತು ವರ್ಷ ಲಾರಿ, ಟ್ರ್ಯಾಕ್ಟರ್ ಎಂಜಿನ್ ಬೋರಿಂಗ್ ಮಾಡಿದೋರು. ಡ್ಯಾಟ್ಸನ್ ಹೆಸರು ಹೇಳಿದ್ದಕ್ಕೆ ಏನೂ ಅನ್ಲಿಲ್ಲ, ಕೇಳಿದ್ದು ಒಂದೇ, "ಅಳತೆ ಎಷ್ಟು ಬಂತು ಮಗಾ? ಮೇಲೆ ಎಷ್ಟು, ನಡುವೆ ಎಷ್ಟು, ಕೆಳಗೆ ಎಷ್ಟು? ಅಡ್ಡಕ್ಕೆ ಉದ್ದಕ್ಕೆ ಎರಡೂ ಕಡೆ ಹಿಡಿದು ನೋಡಿದ್ರಾ?" ನಾನು ಇಲ್ಲ ಚಿಕ್ಕಪ್ಪ ಅಂದೆ. "ಅಳತೆ ಇಲ್ದೆ ಬೋರಿಂಗ್ ಮಾಡೋದು ಅಂದ್ರೆ ಏನರ್ಥ, ವಾಪಸ್ ತಗೊಂಡ್ಬಾ" ಅಂದ್ರು.

ವಾಪಸ್ ತಗೊಂಡ್ಬಂದೆ. ಎರಡನೇ ಶಾಪ್‌ನಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬೋರ್ ಗೇಜ್ ಇಟ್ಟು ಆರೂ ಸಿಲಿಂಡರ್ ನನ್ನ ಕಣ್ಣೆದುರೇ ಅಳೆದ್ರು. ಪಿಸ್ಟನ್ನಿಗೂ ಗೋಡೆಗೂ ಇರಬೇಕಾದ ಗ್ಯಾಪ್ ನಿಸಾನ್ ಪ್ರಕಾರ 0.025ರಿಂದ 0.045 ಮಿಮೀ. ಐದು ಸಿಲಿಂಡರ್ ಅದರೊಳಗೇ ಇತ್ತು, ಆರನೇದು ಮಾತ್ರ 0.06 ಬಂತು. ಕ್ರ್ಯಾಂಕ್ ಜರ್ನಲ್ (ಬೇರಿಂಗ್ ಕೂರೋ ಜಾಗ) ಎಲ್ಲಾ ಸ್ಟ್ಯಾಂಡರ್ಡ್ ಸೈಜಲ್ಲೇ ಇತ್ತು, ಒಂದು ಗೀರು ಇಲ್ಲ. ಅವರು ಹೇಳಿದ್ದು, ರೇಸ್ ಗಾಡಿ ಅಲ್ಲ ಅಂದ್ರೆ ಹೋನಿಂಗ್ (ಸಿಲಿಂಡರ್ ಗೋಡೆ ಸಣ್ಣಗೆ ಉಜ್ಜೋದು) ಮಾಡಿ, ಹೊಸ ರಿಂಗ್ ಹಾಕಿ, ಹೊಸ ಬೇರಿಂಗ್ ಹಾಕಿ, ಕ್ರ್ಯಾಂಕ್‌ಗೆ ಬರೀ ಪಾಲಿಶ್ ಸಾಕು ಅಂತ. ನಿಸಾನ್ ಫ್ಯಾಕ್ಟರಿ ಪಿಸ್ಟನ್ನೇ ಇಟ್ಕೊಂಡೆ. ಉಳಿದ ದುಡ್ಡೆಲ್ಲಾ ಹೆಡ್ ಕೆಲಸಕ್ಕೆ ಹಾಕ್ದೆ, ಹೊಸ ವಾಲ್ವ್ ಗೈಡ್, ಸೀಟ್ ಕಟಿಂಗ್, ಹೊಸ ಸೀಲ್. ಇವತ್ತಿಗೂ ನನ್ನ ಪ್ರಕಾರ ಈ ಪ್ರಾಜೆಕ್ಟ್‌ನಲ್ಲಿ ನಾನು ತಗೊಂಡ ಅತಿ ಒಳ್ಳೆ ನಿರ್ಧಾರ ಅದು.

ಫಲಿತಾಂಶ ನೋಡಿ, ಹೋದ ತಿಂಗಳು ಮತ್ತೆ ಕಂಪ್ರೆಷನ್ ಟೆಸ್ಟ್ ಮಾಡ್ದೆ, ಬಿಸಿ ಎಂಜಿನ್, ಥ್ರಾಟಲ್ ಪೂರ್ತಿ ತೆಗೆದು. ಐದರಲ್ಲಿ 165ರಿಂದ 170 ಪಿಎಸ್‌ಐ, ಆರನೇದರಲ್ಲಿ 160. ಆಯಿಲ್ ಎರಡು ಸಾವಿರ ಮೈಲಿಗೆ ಅರ್ಧ ಕ್ವಾರ್ಟ್ (ಹತ್ತಿರತ್ತಿರ ಅರ್ಧ ಲೀಟರ್) ಮೇಲೆ ಕೇಳಲ್ಲ. ಆರನೇ ಸಿಲಿಂಡರ್ ಚಳೀಲಿ ಸ್ಟಾರ್ಟ್ ಮಾಡಿದ ಮೊದಲ ಒಂದು ನಿಮಿಷ ಸಣ್ಣಗೆ ಟಕಟಕ ಅನ್ನುತ್ತೆ, ಪಿಸ್ಟನ್ ಸ್ಲ್ಯಾಪ್ (ಪಿಸ್ಟನ್ ಗೋಡೆಗೆ ಬಡಿಯೋ ಸದ್ದು), ಬಿಸಿ ಆದ್ಮೇಲೆ ನಿಂತೋಗುತ್ತೆ. ಆರು ವರ್ಷದಲ್ಲಿ ಆ ಸದ್ದು ಜಾಸ್ತಿ ಆಗಿಲ್ಲ. ಅದನ್ನ ಕೇಳಿಸ್ಕೊಂಡು ಇರೋಕೆ ಆಗಲ್ಲ ಅನ್ನೋರು ಬೋರಿಂಗ್ ಮಾಡ್ಸಿ, ತಪ್ಪಲ್ಲ.

ಈಗ ಕೈ ಸುಟ್ಕೊಂಡಿದ್ದು. ಕ್ಯಾಮ್‌ಶಾಫ್ಟ್, ಅಂದ್ರೆ ವಾಲ್ವ್ ತೆಗೆಸೋ ಉಬ್ಬುಗಳಿರೋ ದಂಡ, ಆ ಉಬ್ಬೇ ಲೋಬು. ಸ್ವಲ್ಪ ಪಿಕಪ್ ಜಾಸ್ತಿ ಬರ್ಲಿ ಅಂತ ಒಂದು ಅಂಗಡಿಯಿಂದ ರೀಗ್ರೈಂಡ್ ಮಾಡಿದ (ಹಳೇದನ್ನೇ ಮತ್ತೆ ಉಜ್ಜಿ ಆಕಾರ ಬದಲಾಯಿಸಿದ) ಕ್ಯಾಮು, ಹೊಸ ರಾಕರ್ ಆರ್ಮ್ (ಲೋಬು ಒತ್ತಿದಾಗ ವಾಲ್ವ್ ತಳ್ಳೋ ತೋಳು) ಸೆಟ್ಟು ತರಿಸ್ದೆ. ಎಲ್ ಎಂಜಿನ್‌ನಲ್ಲಿ ರೀಗ್ರೈಂಡ್ ಮಾಡಿದಾಗ ಕ್ಯಾಮ್‌ನ ಬೇಸ್ ಸರ್ಕಲ್ (ಉಬ್ಬಿಲ್ಲದ ದುಂಡು ಭಾಗ) ಚಿಕ್ಕದಾಗುತ್ತೆ, ಅದಕ್ಕೆ ವಾಲ್ವ್ ಮೇಲೆ ಕೂರೋ ಲ್ಯಾಶ್ ಪ್ಯಾಡ್ ದಪ್ಪದ್ದು ಹಾಕ್ಲೇಬೇಕು, ಇಲ್ಲಾಂದ್ರೆ ಕ್ಯಾಮ್ ಲೋಬು ರಾಕರ್‌ನ ನಡುವೆ ಉಜ್ಜೋ ಬದಲು ಒಂದು ತುದೀಲಿ ಉಜ್ಜುತ್ತೆ. ಅಂಗಡಿಯೋರು ಸ್ಟಾಕ್ (ಕಂಪನಿಯಿಂದ ಬಂದ) ಪ್ಯಾಡೇ ನಡೆಯುತ್ತೆ ಅಂದ್ರು, ನಾನು ನಂಬ್ದೆ, ಚೆಕ್ ಮಾಡ್ಲಿಲ್ಲ. 900 ಮೈಲಿಗೆ ಟಪಟಪ ಸದ್ದು, ಟ್ಯಾಪೆಟ್ ಎಷ್ಟು ಸಲ ಸೆಟ್ ಮಾಡಿದ್ರೂ ಮತ್ತೆ ಲೂಸು. ಕವರ್ ತೆಗೆದ್ರೆ ಎರಡು ಲೋಬು ಮೂತಿ ಸವೆದು ಹೋಗಿತ್ತು, ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದ್ರೆ ಒಳಗೆ ಬೆಳ್ಳಿ ಪುಡಿ ತರ ಮಿನುಗ್ತಿತ್ತು. ಹೊಟ್ಟೆ ಉರೀತು ನಿಜವಾಗ್ಲೂ. ಇದನ್ನ ತಪ್ಪಿಸೋಕೆ ಬೇಕಾಗಿದ್ದು ಒಂದು ಮಾರ್ಕರ್ ಪೆನ್ನು ಅಷ್ಟೆ, ರಾಕರ್ ಮುಖಕ್ಕೆ ಬಣ್ಣ ಬಳಿದು, ಎಂಜಿನ್ ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ಅಂತ ನೋಡೋದು, ಗುರುತು ಸರಿಯಾಗಿ ಮಧ್ಯದಲ್ಲಿ ಬರ್ಬೇಕು. ಹಂಗೇ ನಿಮ್ಮ ಕ್ಯಾಮ್‌ಗೆ ಆಯಿಲ್ ಎಲ್ಲಿಂದ ಬರುತ್ತೆ ಅಂತಾನೂ ನೋಡ್ಕೊಳ್ಳಿ, ಕೆಲವು ಕ್ಯಾಮ್‌ನಲ್ಲಿ ಒಳಗಡೆ ತೂತಿಂದ ಬರುತ್ತೆ, ಕೆಲವಕ್ಕೆ ಮೇಲಿರೋ ಸ್ಪ್ರೇ ಪೈಪಿಂದ ಬರುತ್ತೆ, ತೂತಿಲ್ಲದ ಕ್ಯಾಮ್ ಹಾಕಿ ಪೈಪ್ ಬಿಟ್ರೆ ಅದು ಒಣಗೇ ಸಾಯುತ್ತೆ.

ಕೊನೆಗೆ ಎಂಜಿನ್ ಜೊತೆ ಬಂದಿದ್ದ ಹಳೇ ನಿಸಾನ್ ಕ್ಯಾಮನ್ನೇ ತೊಳೆದು, ಅಳೆದು, ಅದರದ್ದೇ ರಾಕರ್‌ಗಳನ್ನ ಯಾವುದು ಯಾವ ಲೋಬಿನದ್ದೋ ಅದೇ ಜಾಗಕ್ಕೆ ವಾಪಸ್ ಹಾಕ್ದೆ. ಪುಣ್ಯಕ್ಕೆ ಬಿಚ್ಚುವಾಗ ಎಲ್ಲದಕ್ಕೂ ಚೀಟಿ ಅಂಟಿಸಿಟ್ಟಿದ್ದೆ. ಬೇರಿಂಗ್ ಕೂಡ ತೆಗೆದು ನೋಡ್ದೆ, ಉಳ್ಕೊಂಡಿತ್ತು. ಅಲ್ಲಿಂದ ಇಲ್ಲಿವರೆಗೆ 30 ಸಾವಿರ ಮೈಲಿ, ಟ್ಯಾಪೆಟ್ ಬಿಸೀಲಿ ಇನ್‌ಟೇಕ್ 0.25, ಎಕ್ಸಾಸ್ಟ್ 0.30 ಮಿಮೀ ಇಡ್ತೀನಿ, ಫೀಲರ್ ಗೇಜ್ ಹಾಕಿ ನೋಡಿದಾಗೆಲ್ಲಾ ಹಂಗೇ ಇರುತ್ತೆ. ಝಿಂಕ್ ಜಾಸ್ತಿ ಇರೋ ಆಯಿಲ್ ಮಾತ್ರ ತಪ್ಸಲ್ಲ, ಈಗಿನ ಕಾರಿಗೆ ಬರೋ ಆಯಿಲ್‌ನಲ್ಲಿ ಅದು ಕಮ್ಮಿ, ಕ್ಯಾಮ್ ಮೇಲೆ ರಾಕರ್ ಹಿಂಗೆ ಉಜ್ಜೋ ಹಳೆ ಎಂಜಿನ್‌ಗೆ ಅದು ಬೇಕು.

ಹೆಡ್ ಬಿಚ್ಚೋರಿಗೆ ಒಂದು ಮಾತು, ಇದನ್ನ ಮರೀಬೇಡಿ. ಮೇಲಿನ ಕ್ಯಾಮ್ ಸ್ಪ್ರಾಕೆಟ್ ಬಿಚ್ಚೋಕೆ ಮುಂಚೆ ಟೈಮಿಂಗ್ ಚೈನಿನ ಎರಡು ಸೈಡ್ ಮಧ್ಯ ಮರದ ಬೆಣೆ ಹೊಡೀಬೇಕು. ಹೊಡೀಲಿಲ್ಲಾಂದ್ರೆ ಚೈನ್ ಸಡಿಲ ಆಗಿ ಕೆಳಗಿರೋ ಟೆನ್ಷನರ್ ಪಿಸ್ಟನ್ನು ಹೊರಗೆ ಜಿಗಿಯುತ್ತೆ, ಆಮೇಲೆ ಮುಂದಿನ ಕವರ್ ಪೂರ್ತಿ ಬಿಚ್ಚಿ, ರೇಡಿಯೇಟರ್ ಬಿಚ್ಚಿ, ಒಂದು ಗಂಟೆ ಕೆಲಸ ಎರಡು ದಿನ ಆಗುತ್ತೆ. ನಾನು ಮರದ ತುಂಡು ಉದ್ದಕ್ಕೆ ಚೂಪಾಗಿ ಕೆತ್ತಿ, ತಲೆಗೆ ದಾರ ಕಟ್ಟಿ ಇಟ್ಕೊಂಡಿದೀನಿ, ದಾರ ಯಾಕಂದ್ರೆ ಬಿಗಿಯಾಗಿ ಕೂತ್ಮೇಲೆ ವಾಪಸ್ ಎಳೆಯೋಕೆ ಬೇರೆ ದಾರಿ ಇಲ್ಲ. ಹಂಗೇ ಕ್ಯಾಮ್ ಹಿಡಿದಿಡೋ ಟವರ್‌ಗಳನ್ನ ಹೆಡ್‌ನಿಂದ ಬಿಚ್ಚಿದ್ರೆ ಅದಲು ಬದಲು ಮಾಡ್ಬೇಡಿ, ಆ ಹೆಡ್ಡಿಗೇ ಜೋಡಿಸಿ ಒಟ್ಟಿಗೆ ಬೋರ್ ಮಾಡಿರ್ತಾರೆ. ಹೆಡ್ ಫೇಸಿಂಗ್ (ತಳ ಉಜ್ಜಿ ಸಮ ಮಾಡೋದು) ಜಾಸ್ತಿ ಮಾಡ್ಸಿದ್ರೆ ಕ್ಯಾಮ್ ಕೆಳಗೆ ಇಳಿದು ಚೈನ್ ಸಡಿಲ ಆಗುತ್ತೆ, ವಾಲ್ವ್ ಟೈಮಿಂಗ್ ಹಿಂದೆ ಬೀಳುತ್ತೆ, ಟವರ್ ಕೆಳಗೆ ಶಿಮ್ (ತೆಳು ತಗಡು) ಇಡ್ಬೇಕಾಗುತ್ತೆ.

ಕ್ಲಚ್‌ನಲ್ಲಿ ಎರಡು ವಾರಾಂತ್ಯ ಹೋಯ್ತು. ಕಿಟ್ ಹೊಸದು, ಎಲ್ಲಾ ಕೂತ್ಕೊಂತು, ಆದ್ರೆ ಪೆಡಲ್ ಒತ್ತಿದ್ರೆ ಗೇರ್ ಬೀಳಲ್ಲ. ಕಾರಣ, ರಿಲೀಸ್ ಬೇರಿಂಗ್ ಕೂರೋ ಕಾಲರ್ ಹಳೇ ಗೇರ್‌ಬಾಕ್ಸಿಂದೇ ಇಟ್ಟಿದ್ದೆ. ಆ ಕಾಲರ್ ಮ್ಯಾಚ್ ಆಗ್ಬೇಕಾಗಿದ್ದು ಗೇರ್‌ಬಾಕ್ಸಿಗಲ್ಲ, ಪ್ರೆಷರ್ ಪ್ಲೇಟಿನ ಎತ್ತರಕ್ಕೆ. ಗೇರ್‌ಬಾಕ್ಸ್ ಮತ್ತೆ ಇಳಿಸ್ದೆ. ನಿಮಗೆ ಸಿಗೋ ಎಲ್28 ಆಟೋಮ್ಯಾಟಿಕ್ ಗಾಡೀದು ಆಗಿದ್ರೆ ಕ್ರ್ಯಾಂಕ್ ಹಿಂದೆ ಪೈಲಟ್ ಬುಷ್ ಕೂಡ ನೋಡ್ಕೊಳ್ಳಿ, ಆಟೋಮ್ಯಾಟಿಕ್‌ಗೆ ಅದು ಬೇರೆ ಇರುತ್ತೆ.

ಕಾರ್ಬೊರೇಟರ್ ನನ್ನ 240ರ ರೌಂಡ್ ಟಾಪ್ ಎಸ್‌ಯು ಜೋಡೀನೇ. ಫ್ಯೂಯೆಲ್ ಇಂಜೆಕ್ಷನ್ ಬಿಟ್ಟಿದ್ದಕ್ಕೆ ಬೈದೋರು ಇದಾರೆ. ಆದ್ರೆ ಈ ಎಸ್‌ಯುನಲ್ಲಿ ಡ್ಯಾಂಪರ್ ಆಯಿಲ್ ನೋಡ್ಕೊಂಡು, ಎರಡನ್ನೂ ಒಂದೇ ಸಮ ಬ್ಯಾಲೆನ್ಸ್ ಮಾಡಿಟ್ರೆ ಆರು ತಿಂಗಳು ಮುಟ್ಟೋ ಹಂಗೇ ಇಲ್ಲ. ತೊಂದರೆ ಒಂದೇ, ಬೇಸಿಗೇಲಿ ಗಾಡಿ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಬಿಸಿಗೆ ಪೆಟ್ರೋಲ್ ಕುದ್ದು ಒಂದೆರಡು ನಿಮಿಷ ಮುಕ್ಕರಿಸುತ್ತೆ. ಇದು ಎಲ್24ರಲ್ಲೂ ಇತ್ತು, ಎಲ್28 ಹಾಕಿದ್ದಕ್ಕೆ ಹೋಗ್ಲಿಲ್ಲ, ಹೀಟ್ ಶೀಲ್ಡ್ ಹಾಕಿದ್ಮೇಲೆ ಕಮ್ಮಿ ಆಗಿದೆ.

ಹಳೇ ಇಗ್ನಿಷನ್ ಪಾಯಿಂಟ್ ತೆಗೆದು 280ಝಡ್ ಆದ್ಮೇಲೆ ಬಂದ 280ಝಡ್ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿದೀನಿ, ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಮಾಡ್ಯೂಲ್ ಇರುತ್ತಲ್ಲ, ಅದು. ಇದೊಂದಕ್ಕೆ ಕಣ್ಣು ಮುಚ್ಚಿ ಐದಕ್ಕೆ ಐದು ಕೊಡ್ತೀನಿ. ಬ್ಯಾಲಾಸ್ಟ್ ರೆಸಿಸ್ಟರ್ (ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ಕಮ್ಮಿ ಮಾಡೋದು) ತೆಗೆದು ಅದಕ್ಕೆ ಬರ್ತಿದ್ದ ಎರಡು ವೈರನ್ನ ಒಂದಕ್ಕೊಂದು ಸೇರಿಸಿ, ಆಗ ಆರ್‌ಪಿಎಂ ಮೀಟರೂ ಓಡುತ್ತೆ. ಆರು ವರ್ಷದಲ್ಲಿ ಒಂದು ಸಲ ಕ್ಯಾಪು, ರೋಟರ್ ಬದಲಾಯಿಸಿದ್ದು ಬಿಟ್ರೆ ಬೇರೆ ಖರ್ಚಿಲ್ಲ.

ಓಡಿಸೋದು ಹೆಂಗಿದೆ? ನಾನು ಹೆಚ್ಚಾಗಿ ಹೋಗೋದು ಸಾರಟೋಗದಿಂದ ಹೈವೇ 9 ಹತ್ತಿ ಸ್ಕೈಲೈನ್ ರಸ್ತೆಗೆ. ಎಲ್24 ಇದ್ದಾಗ ಏರಲ್ಲಿ ತಿರುವು ಮುಗಿದ ತಕ್ಷಣ ಎರಡನೇ ಗೇರಿಗೆ ಇಳೀಬೇಕಾಗಿತ್ತು, ಈಗ ಮೂರರಲ್ಲೇ ಎರಡೂವರೆ ಸಾವಿರ ಆರ್‌ಪಿಎಂಗೆ ಎಳ್ಕೊಂಡು ಹೋಗುತ್ತೆ, ಒತ್ತಡ ಇಲ್ದೆ, ಎತ್ತು ಗಾಡಿ ಎಳೆದಂಗೆ ಒಂದೇ ಸಮ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಎಲ್24 ಐದು ಸಾವಿರ ದಾಟಿದ್ಮೇಲೆ ಹಾಡ್ತಿತ್ತಲ್ಲ, ಆ ಚುರುಕು ಇದರಲ್ಲಿಲ್ಲ, ಸ್ಟ್ರೋಕ್ 73.7ರಿಂದ 79 ಮಿಮೀ ಆದ್ಮೇಲೆ ಎಂಜಿನ್ ಗುಣಾನೇ ಬೇರೆ. ಮೈಲೇಜ್ ಗ್ಯಾಲನ್‌ಗೆ 20, 21 ಮೈಲಿ, ಅಂದ್ರೆ ಲೀಟರಿಗೆ ಒಂಬತ್ತು ಕಿಲೋಮೀಟರ್ ಹತ್ರ.

ಫ್ಲಾಟ್ ಟಾಪ್ ಪಿಸ್ಟನ್ ಇರೋ ಎಫ್54 ಬ್ಲಾಕಿಗೆ (ಎಲ್28ರದ್ದೇ ಇನ್ನೊಂದು ಬ್ಲಾಕು) ಎನ್42 ಹೆಡ್ ಹಾಕು, ಕಂಪ್ರೆಷನ್ ರೇಶಿಯೋ 10ರ ಹತ್ರ ಹೋಗುತ್ತೆ ಅಂತ ಬಹಳ ಜನ ಹೇಳ್ತಾರೆ. ಹೋಗುತ್ತೆ ನಿಜ, ಆದ್ರೆ ಕ್ಯಾಲಿಫೋರ್ನಿಯಾ ಬಂಕಲ್ಲಿ ಸಿಗೋ ಪ್ರೀಮಿಯಂ 91 ಆಕ್ಟೇನ್, ಬೇಸಿಗೇಲಿ ಘಾಟಿ ಹತ್ತುವಾಗ ನಾಕಿಂಗ್ ಶುರುವಾಗುತ್ತೆ, ಇಗ್ನಿಷನ್ ಟೈಮಿಂಗ್ ಹಿಂದೆ ತಳ್ಳಿ ಓಡಿಸ್ಬೇಕು. (ಊರಿನ ಪಂಪಿನ 91ಕ್ಕೂ ಇಲ್ಲಿನ 91ಕ್ಕೂ ಲೆಕ್ಕ ಬೇರೆ, ಇಲ್ಲಿನ 91 ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 95, 96.) ನನ್ನದು ಸ್ಟಾಕ್ 8.3, ನಡು ಮಧ್ಯಾಹ್ನದ ಬಿಸಿಲಲ್ಲೂ ಒಂದು ಸಲ ನಾಕ್ ಆಗಿಲ್ಲ. ಡೀಸೆಲ್ ಎಲ್‌ಡಿ28ರ 83 ಮಿಮೀ ಕ್ರ್ಯಾಂಕ್ ಹಾಕಿ 3.1 ಲೀಟರ್ ಮಾಡೋರು ಮಾಡ್ಲಿ, ಆ ಎಂಜಿನ್ ಸದ್ದು ಕೇಳಿ ನಾನೂ ನಿಂತು ನೋಡ್ತೀನಿ, ಆದ್ರೆ ವಾರಕ್ಕೆ ಎರಡು ಸಲ ತೆಗೆಯೋ ಗಾಡಿಗೆ ನಾನು ಆ ದಾರಿ ಹಿಡಿಯಲ್ಲ.

ಒಟ್ಟು ಖರ್ಚು 5,400 ಡಾಲರ್, ಅದರಲ್ಲಿ 700 ಆ ಕ್ಯಾಮು ರಾಕರಿಗೆ ಹೋಗಿದ್ದು. ಒಟ್ಟಾರೆ ಎಲ್28 ಸ್ವಾಪ್‌ಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಮ್ಮಿ ಮಾಡಿದ್ದು ಎಲ್24ರ ಆ ಮೇಲಿನ ಆರ್‌ಪಿಎಂ ಸದ್ದಿಗೋಸ್ಕರ.

ಚೈನ್ ಸ್ವಲ್ಪ ಉದ್ದ ಆಗಿದೆ ಅಂತ ಅನುಮಾನ, ಸ್ಪ್ರಾಕೆಟ್‌ನಲ್ಲಿ ಅದಕ್ಕೇ ಅಂತ ಮೂರು ತೂತು ಕೊಟ್ಟಿದಾರೆ, ಈ ಡಿಸೆಂಬರಲ್ಲಿ ಒಂದರಿಂದ ಎರಡನೇ ತೂತಿಗೆ ಹಾಕ್ತೀನಿ. ಎಲ್24 ಗರಾಜಲ್ಲಿ ಸ್ಟ್ಯಾಂಡ್ ಮೇಲೆ ಹೊದ್ಕೊಂಡು ಕೂತಿದೆ. ಮೂರು ತಿಂಗಳಿಗೊಂದ್ಸಲ ಪ್ಲಗ್ ತೂತಿಗೆ ಎರಡೆರಡು ಚಮಚ ಆಯಿಲ್ ಬಿಟ್ಟು, ಪಾನಾ ಹಾಕಿ ಕೈಯಲ್ಲಿ ಎರಡು ಸುತ್ತು ತಿರುಗಿಸ್ತೀನಿ. ಅದರ ಬೋರ್ ಅಳತೆ ಚಿಕ್ಕಪ್ಪಂಗೆ ಕಳ್ಸಿದೀನಿ, ಇನ್ನೂ ಉತ್ತರ ಬಂದಿಲ್ಲ.