ಅಜ್ಜ ಮತ್ತು ದೊಡ್ಡಜ್ಜನ ಸೇನೆಯ ದಾಖಲೆ: ಯಾವ ದಾರಿಯಲ್ಲಿ ಎಷ್ಟು ಸಿಕ್ಕಿತು

ನಮ್ಮ ಅಜ್ಜ, ಅಂದರೆ ಅಮ್ಮನ ಅಪ್ಪ, ಮತ್ತು ಅವರ ಅಣ್ಣ ಇಬ್ಬರೂ ಎರಡನೇ ಮಹಾಯುದ್ಧದ ಹೊತ್ತಿಗೆ ಸೇನೆ ಸೇರಿದವರು. ಊರು ಕಾರ್ಕಳದ ಹತ್ತಿರ. ಅಜ್ಜ ಬರ್ಮಾ ಗಡಿಯಲ್ಲಿ ಲಾರಿ ಓಡಿಸಿ ಬದುಕಿ ಬಂದರು. ದೊಡ್ಡಜ್ಜ ಬರಲಿಲ್ಲ. "ಸಿಂಗಾಪುರದಲ್ಲಿ ಹೋದರಂತೆ" ಅನ್ನುವ ಒಂದು ಮಾತು ಬಿಟ್ಟರೆ ಅವರ ಬಗ್ಗೆ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಎರಡು ವರ್ಷದಿಂದ ಉಡುಪಿಯಲ್ಲಿ ಕೂತು ಇಬ್ಬರ ದಾಖಲೆಯನ್ನೂ ಹುಡುಕಿದ್ದೇನೆ. ಒಬ್ಬರಿಗೆ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟ ದಾರಿ ಇನ್ನೊಬ್ಬರಿಗೆ ಉಪಯೋಗಕ್ಕೇ ಬರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯಲಿ ಎಂದು ಹೋಲಿಸಿ ಬರೆಯುತ್ತಿದ್ದೇನೆ.

ಮೊದಲು ನೋಡಿದ್ದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟ್. ಎರಡು ಮಹಾಯುದ್ಧಗಳಲ್ಲಿ ಬ್ರಿಟನ್, ಭಾರತದಂಥ ಕಾಮನ್‌ವೆಲ್ತ್ ದೇಶಗಳ ಕಡೆಯಿಂದ ಸತ್ತ ಸುಮಾರು 17 ಲಕ್ಷ ಜನರ ಹೆಸರು ಅಲ್ಲಿದೆ. ಒಂದು ರೂಪಾಯಿ ಖರ್ಚಿಲ್ಲ. ಎರಡನೇ ಯುದ್ಧಕ್ಕೆ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947ರ ತನಕದ ಸಾವುಗಳನ್ನು ಲೆಕ್ಕಕ್ಕೆ ತಗೊಂಡಿದ್ದಾರೆ. ದೊಡ್ಡಜ್ಜನ ಹೆಸರು ಹಾಕಿ ಹುಡುಕಿದೆ, ಬರಲಿಲ್ಲ. ಶೆಟ್ಟಿ ಅನ್ನುವುದನ್ನು ಕೊನೆಯಲ್ಲಿ 'ಐ' ಹಾಕಿ ನೋಡಿದೆ, 'ವೈ' ಹಾಕಿ ನೋಡಿದೆ. ಆಮೇಲೆ ಹೆಸರು ಬಿಟ್ಟುಬಿಟ್ಟೆ. ಸೇನೆಯ ಜಾಗದಲ್ಲಿ ಇಂಡಿಯನ್ ಆರ್ಮಿ ಅಂತ ಆರಿಸಿ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ನಮ್ಮ ಜಿಲ್ಲೆಯ ಹಳೇ ಹೆಸರು 'ಕೆನರಾ' ಹಾಕಿದೆ. ಆಗ ನಮ್ಮವು ಮದ್ರಾಸ್ ಪ್ರಾಂತ್ಯದ ಸೌತ್ ಕೆನರಾ ಜಿಲ್ಲೆಯ ಹಳ್ಳಿಗಳು ತಾನೇ? ಉಡುಪಿ ಬೇರೆ ಜಿಲ್ಲೆ ಆದದ್ದೇ 1997ರಲ್ಲಿ. 'ಕೆ' ಅಕ್ಷರದಿಂದ ಒಮ್ಮೆ, 'ಸಿ' ಅಕ್ಷರದಿಂದ ಒಮ್ಮೆ ಹುಡುಕಬೇಕು.

ಸಿಕ್ಕಿತು. ಶೆಟ್ಟಿ ಇಲ್ಲ, ಬರೀ ಹೆಸರು. ಆದರೆ ಅಪ್ಪನ ಹೆಸರು, ಊರು ಎರಡೂ ಸರಿಯಾಗಿತ್ತು. ನಂಬರು, ರ‍್ಯಾಂಕು, ತುಕಡಿ, ಜೊತೆಗೆ ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ ಹೆಸರು ಕೆತ್ತಿರುವ ಕಾಲಮ್ಮಿನ ಸಂಖ್ಯೆ. ದೇಹ ಸಿಗದ, ಸಮಾಧಿ ಇಲ್ಲದ 24,000ಕ್ಕೂ ಹೆಚ್ಚು ಜನರ ಹೆಸರು ಅಲ್ಲಿದೆ. ತೀರಿಕೊಂಡ ದಿನ 15 ಫೆಬ್ರವರಿ 1942 ಅಂತ ಇತ್ತು. ಸಿಂಗಾಪುರ ಜಪಾನೀಯರ ಕೈಗೆ ಹೋದ ದಿನ ಅದು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಾರೀಖು ಉಂಟಾ?" ಅಂತ ಕೇಳಿದರು. ಅಷ್ಟು ವರ್ಷ ಅವರಿಗೆ ಬಡಿಸಲು ಒಂದು ತಿಥಿಯೂ ಗೊತ್ತಿರಲಿಲ್ಲ.

ಆದರೆ ಅಜ್ಜ? ಅವರು ಬದುಕಿ ಬಂದವರು. ಆ ವೆಬ್‌ಸೈಟಿನಲ್ಲಿ ಅವರಿಗೆ ಜಾಗವೇ ಇಲ್ಲ. ಯುದ್ಧಕ್ಕೆ ಹೋದ ಸುಮಾರು 25 ಲಕ್ಷ ಭಾರತೀಯರಲ್ಲಿ ಹೆಚ್ಚಿನವರು ತಿರುಗಿ ಬಂದವರೇ. ಹಾಗಾಗಿ ನಮ್ಮ ಕಡೆಯ ಜಾಸ್ತಿ ಮನೆಗಳಿಗೆ ಈ ದಾರಿ ಮುಚ್ಚಿದ ಹಾಗೆಯೇ.

ಅಜ್ಜನಿಗಾಗಿ ಸೇನೆಯ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಹೆಸರು, ಊರು, ಅಂದಾಜು ವರ್ಷ ಬರೆದಿದ್ದೆ. ಆ ಕಚೇರಿಯಿಂದ ಒಂದೇ ಸಾಲಿನ ಉತ್ತರ: ಸೇವಾ ಸಂಖ್ಯೆ ಇಲ್ಲದೆ ಗುರುತಿಸಲು ಆಗುವುದಿಲ್ಲ. ಬೇಜಾರಾಯಿತು. ಆದರೆ ಯೋಚಿಸಿದರೆ ಅವರು ಹೇಳಿದ್ದು ನಿಜ. ಒಂದೇ ಹೆಸರಿನವರು ಎಷ್ಟು ಜನ ಇರಲಿಕ್ಕಿಲ್ಲ?

ಹಾಗಾಗಿ ಮನೆಗೆ ಬಂದೆ. ನಮ್ಮ ಮನೆಗಲ್ಲ. ನಮ್ಮದು ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಪದ್ಧತಿ. ಅಜ್ಜನ ಮಕ್ಕಳು ಅಜ್ಜಿಯ ಕುಟುಂಬದವರು, ಅಜ್ಜ ಮಾತ್ರ ಅವರ ತಾಯಿಯ ಕುಟುಂಬದವರು. ಅವರ ಕಾಗದ, ಪೆಟ್ಟಿಗೆ ಎಲ್ಲ ಅವರ ತಂಗಿಯ ಮನೆಗೆ ಹೋಗಿತ್ತು. ಬಂಟರು, ಬಿಲ್ಲವರು, ಅಳಿಯಕಟ್ಟಿನ ಯಾವ ಮನೆಯವರೇ ಆಗಲಿ, ಇದನ್ನು ಮರೆಯಬೇಡಿ. ಮಗನ ಮನೆಯಲ್ಲಿ ಸಿಗದಿದ್ದರೆ ತಂಗಿಯ ಮಗಳ ಮನೆಯಲ್ಲಿ ಕೇಳಿ.

ಆ ಮನೆಯ ಅತ್ತೆ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ ಕೊಟ್ಟರು. "ಇದೆಲ್ಲ ಈಗ ಎಂತಕ್ಕೆ ಮಾರಾಯ?" ಅಂತ ಕೇಳಿದರೂ ಪಕ್ಕದಲ್ಲೇ ಕೂತರು. ಅರ್ಧ ಕಾಗದ ಗೆದ್ದಲು ತಿಂದಿತ್ತು. ಆರು ಮೂಲೆಯ ಬರ್ಮಾ ಸ್ಟಾರ್ ಪದಕ ಇತ್ತು, ರಿಬ್ಬನ್ನಿನ ನಡುವಿನ ಕೆಂಪು ಇನ್ನೂ ಮಾಸಿರಲಿಲ್ಲ. ಇನ್ನೊಂದು ದುಂಡನೆಯ ವಾರ್ ಮೆಡಲ್, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಎರಡು ತಲೆಯ ಡ್ರ್ಯಾಗನ್ನಿನ ಮೇಲೆ ನಿಂತ ಸಿಂಹ. ಅತ್ತೆ ಹುಣಸೆಹುಳಿ ಹಾಕಿ ತಿಕ್ಕಿ ಕೊಡುತ್ತೇನೆ ಅಂದರು. ತಡೆದೆ. ಒಣ ಬಟ್ಟೆಯಲ್ಲಿ ಒರೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಮೆಡಲ್ಲನ್ನು ನಿಧಾನಕ್ಕೆ ತಿರುಗಿಸಿದೆ. ಅಂಚಿನಲ್ಲಿ ಸಣ್ಣ ಅಕ್ಷರಗಳು ಎದ್ದವು. ನಂಬರು, ಹೆಸರು, ಆರ್‌ಐಎಎಸ್‌ಸಿ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಸೇನೆಗೆ ಸಾಮಾನು ಸಾಗಿಸುವ ವಿಭಾಗ. ತಿಕ್ಕಿದ್ದರೆ ಆ ಅಕ್ಷರ ಸವೆದು ಹೋಗುತ್ತಿತ್ತು.

ಪೆಟ್ಟಿಗೆಯ ತಳದಲ್ಲಿ ಬಿಡುಗಡೆ ಪತ್ರ ಇತ್ತು, ನಾಲ್ಕು ಮಡಿಕೆಯಲ್ಲಿ. 1946. ಕೆಲಸ ಡ್ರೈವರ್, ನಡತೆ ವೆರಿ ಗುಡ್. ಹತ್ತಿರದ ಸಂಬಂಧಿ ಅನ್ನುವಲ್ಲಿ ಅಪ್ಪನ ಹೆಸರಿಲ್ಲ, ಸೋದರಮಾವನ ಹೆಸರು. ಊರೂ ಮಾವನದ್ದೇ. ಅಣ್ಣ ಅಪ್ಪನ ಊರು ಬರೆಸಿದ್ದಾರೆ, ತಮ್ಮ ಮಾವನ ಊರು ಬರೆಸಿದ್ದಾರೆ. ಒಂದೇ ತಾಯಿಯ ಮಕ್ಕಳು, ಎರಡು ವಿಳಾಸ. ಇಬ್ಬರನ್ನೂ ಒಂದೇ ಊರಿನ ಹೆಸರಿನಲ್ಲಿ ಹುಡುಕಿದ್ದರೆ ಒಬ್ಬರು ತಪ್ಪಿಹೋಗುತ್ತಿದ್ದರು.

ನಂಬರು ಸಿಕ್ಕಿದ ಮೇಲೆ ಎರಡನೇ ಅರ್ಜಿ. ಯಾವ ದಾಖಲೆ ಕಚೇರಿ ಅನ್ನುವುದು ಕೋರ್ ನೋಡಿ ತೀರ್ಮಾನ ಆಗುತ್ತದೆ. ಸರ್ವಿಸ್ ಕೋರಿನ ದಕ್ಷಿಣದ ದಾಖಲೆ ಬೆಂಗಳೂರಿನಲ್ಲಿದೆ, ಮದ್ರಾಸ್ ಸ್ಯಾಪರ್ಸ್‌ನದ್ದೂ ಬೆಂಗಳೂರು. ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲ್ಲಿಂಗ್ಟನ್, ಸಿಗ್ನಲ್ಸ್ ಜಬಲ್ಪುರ, ಮೆಡಿಕಲ್ ಕೋರ್ ಲಖನೌ. ನಾಡಕಚೇರಿಯ ವಂಶವೃಕ್ಷ, ಮೆಡಲ್ ಅಂಚಿನ ಫೋಟೋ, ಬಿಡುಗಡೆ ಪತ್ರದ ಜೆರಾಕ್ಸ್ ಸೇರಿಸಿ ಕಳಿಸಿದೆ. ಈ ಸಲ ಉತ್ತರದಲ್ಲಿ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಬಂತು. ಪೂರ್ತಿ ಕಡತ ಇಲ್ಲ. ಪಿಂಚಣಿ ಇಲ್ಲದವರ ಸೇವಾ ಕಾಗದಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುವ ನಿಯಮ ಇದೆ. ಸಿಪಾಯಿಗೆ ಪಿಂಚಣಿ ಬೇಕಾದರೆ 15 ವರ್ಷ ಸೇವೆ ಆಗಬೇಕು. ಯುದ್ಧಕ್ಕೆ ಅಂತ ಸೇರಿ 1946ರಲ್ಲಿ ಮನೆಗೆ ಬಂದವರಿಗೆ ಅದು ಎಲ್ಲಿಂದ? ಕಡತ ಹೋದರೂ ಸೇರಿದವರ ಹೆಸರಿನ ರಿಜಿಸ್ಟರ್ ಉಳಿದಿದ್ದರೆ ಇಷ್ಟಾದರೂ ಸಿಗುತ್ತದೆ. ಪಿಂಚಣಿ ತಗೊಂಡವರ ಮನೆಯವರಿಗೆ ಇದೇ ದಾರಿಯಲ್ಲಿ ತುಂಬಾ ಜಾಸ್ತಿ ಸಿಗಬಹುದು.

ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟ್ ಅಭಿಲೇಖ್ ಪಟಲ್ ಕೂಡ ನೋಡಿದೆ. ಉಚಿತ, ಚೆನ್ನಾಗಿದೆ, ಆದರೆ ಅಲ್ಲಿರುವುದು ಸರ್ಕಾರದ ಕಡತಗಳು. ಒಬ್ಬ ಸಿಪಾಯಿಯನ್ನು ಹೆಸರಿನಿಂದ ಹಿಡಿಯಲು ಅದು ಜಾಗ ಅಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು ಅಧಿಕಾರಿಗಳಿಗೆ ಒಳ್ಳೆಯದು, ನಮ್ಮಜ್ಜನಂಥವರ ಕಾಗದ ಭಾರತದಲ್ಲೇ ಉಳಿಯಿತು.

ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿದ್ದು ಯುದ್ಧದ ಡೈರಿ. ಆಗ್ನೇಯ ಏಷ್ಯಾದಲ್ಲಿದ್ದ ತುಕಡಿಗಳ ದಿನಚರಿ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯುಓ 172 ಅನ್ನುವ ಸರಣಿಯಲ್ಲಿದೆ. ಪಟ್ಟಿಯನ್ನು ಇಲ್ಲಿಂದಲೇ ನೋಡಬಹುದು, ಪುಟಗಳನ್ನು ನೋಡಲು ಯಾರಾದರೂ ಹೋಗಬೇಕು. ಅಲ್ಲಿ ಓದುತ್ತಿರುವ ನೆಂಟರ ಹುಡುಗಿ ಒಂದು ಶನಿವಾರ ಹೋಗಿ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದಳು. ಫೋಟೋ ತೆಗೆಯಲು ದುಡ್ಡು ಕೊಡಬೇಕಾಗಿಲ್ಲ. ತುಕಡಿಯ ನಂಬರು ಗೊತ್ತಿಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ. ಬಿಡುಗಡೆ ಪತ್ರದಲ್ಲಿ ಅಜ್ಜನ ಕಂಪನಿ ಬರೆದಿತ್ತು, ಅದೇ ನಮಗೆ ದಾರಿ ಆಯಿತು.

ಡೈರಿಯಲ್ಲಿ ಅಜ್ಜನ ಹೆಸರಿಲ್ಲ. ಸಿಪಾಯಿಗಳ ಹೆಸರು ಬರುವುದೇ ಅಪರೂಪ. ಆದರೆ ಅವರ ದಿನಗಳಿವೆ. ಎಷ್ಟು ಲಾರಿ ಹೊರಟಿತು, ಎಷ್ಟು ಕೆಟ್ಟು ನಿಂತಿತು, ಯಾವ ದಿನ ಮಳೆ. 29 ಮಾರ್ಚ್ 1944ಕ್ಕೆ ಜಪಾನೀಯರು ಮಣಿಪುರದ ಇಂಫಾಲದ ರಸ್ತೆಯನ್ನು ಕಡಿದುಹಾಕಿದರು. 22 ಜೂನ್‌ಗೆ ತೆರೆಯಿತು. ಆ ನಡುವಿನ ತಿಂಗಳುಗಳಲ್ಲಿ ಸಾಮಾನು ವಿಮಾನದಲ್ಲಿ ಬರುತ್ತಿತ್ತು. ಒಂದು ಪುಟದಲ್ಲಿ ಊಟದ ಪಾಲು ಕಡಿಮೆ ಮಾಡಿದ ಬಗ್ಗೆ ಒಂದೇ ಒಂದು ಸಾಲು.

ಅಜ್ಜ ಗಂಜಿ ಉಂಡ ಬಟ್ಟಲಿಗೆ ನೀರು ಹಾಕಿ, ಅಗುಳು ಕಲಕಿ ಅದನ್ನೂ ಕುಡಿಯುತ್ತಿದ್ದರು. ನಾವು ಒಂದು ಅಗುಳು ಬಿಟ್ಟರೂ ಏಳಲು ಬಿಡುತ್ತಿರಲಿಲ್ಲ. ಆ ಸಾಲನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.